ಗಣೇಶಖಿಂಡಿಗೆ ಬರುವ ಆಕಾಶದ ವರ್ತಮಾನ

ಸೊಲ್ಲಾಪುರದಿಂದ ಪುಣೆಗೆ ರೈಲಿನಲ್ಲಿ ಸುಮಾರು 260 ಕಿಲೋಮೀಟರು. ಕುರ್ಡುವಾಡಿಯನ್ನು ದಾಟಿ, ಭಿಗವಣದ ಹತ್ತಿರ ಭೀಮೆಗೆ ಕಟ್ಟಿದ ಉಜನಿ ಜಲಾಶಯದ ಹಿನ್ನೀರನ್ನು ನೋಡುತ್ತ, ದೌಂಡದ ಮೇಲೆ ಸಾಗುವ ಈ ದಾರಿ ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ಸೀಮೆಯ ಕನ್ನಡಿಗರಿಗೆ ಹೊಸದಲ್ಲ. ಜತ್ತದ ಕಡೆಯವರು ಮಿರಜದ ಮೇಲೆ ಬರುತ್ತಾರೆ. ಆಸ್ಪತ್ರೆಗೆ, ಕಾಲೇಜಿಗೆ, ನೌಕರಿಗೆ ಎಂದು ಮನೆಗೊಬ್ಬರಾದರೂ ಪುಣೆಯನ್ನು ಕಂಡವರೇ. ಆದರೆ ಹಾಗೆ ಹೋದವರಲ್ಲಿ ಬಹಳ ಮಂದಿ ನೋಡದೆಯೇ ಹಿಂದಿರುಗುವ ಒಂದು ಸ್ಥಳ ನಗರದ ವಾಯವ್ಯಕ್ಕೆ, ಗಣೇಶಖಿಂಡಿನ ವಿಶ್ವವಿದ್ಯಾಲಯದ ಆವರಣದಲ್ಲಿದೆ.

ಅದರ ಪೂರ್ಣ ಹೆಸರು ಉದ್ದವಾದದ್ದು: ಅಂತರ ವಿಶ್ವವಿದ್ಯಾಲಯ ಖಗೋಳವಿಜ್ಞಾನ ಮತ್ತು ಖಗೋಳಭೌತವಿಜ್ಞಾನ ಕೇಂದ್ರ. ಊರಿನ ಮರಾಠಿ ಬಾಯಿಯಲ್ಲಿ ಅದು ‘ಆಯುಕಾ’. 1988ರಲ್ಲಿ ಜಯಂತ ನಾರಳೀಕರರ ಮುಂದಾಳುತನದಲ್ಲಿ ಹುಟ್ಟಿದ ಈ ಸಂಸ್ಥೆಯ ಕಟ್ಟಡಗಳನ್ನು ರೂಪಿಸಿದವರು ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯ. ಹೊರಗಿನ ಗೋಡೆಗಳಿಗೆ ದಖನ್ನಿನ ಕರಿಗಲ್ಲು. ಅದರ ಮೇಲೆ ಇನ್ನೂ ಕಪ್ಪಾದ ಕಡಪದ ಕಲ್ಲು. ಅದರ ಮೇಲೆ ಆಕಾಶ ಪ್ರತಿಬಿಂಬಿಸುವಂತೆ ನಯ ಮಾಡಿದ ಕಪ್ಪು ಗ್ರಾನೈಟು. ಒಳಗಿನ ಅಂಗಳ ಪುಷ್ಕರಣಿಯಂತೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಅಲ್ಲಿ ಆರ್ಯಭಟ, ಗೆಲಿಲಿಯೊ, ನ್ಯೂಟನ್, ಐನ್‌ಸ್ಟೈನ್ ಇವರ ಪ್ರತಿಮೆಗಳಿವೆ. ಮಕ್ಕಳನ್ನು ಕರೆದುಕೊಂಡು ಬಂದವರು ಸಾಮಾನ್ಯವಾಗಿ ಈ ಪ್ರತಿಮೆಗಳ ಬಳಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಅದೂ ಸರಿಯೇ. ಆದರೆ ಈ ಆವರಣದಲ್ಲಿ ದಿನವೂ ನಡೆಯುವ ಒಂದು ಕೆಲಸ ಫೋಟೋದಲ್ಲಿ ಬರುವಂಥದಲ್ಲ. ಕಂಪ್ಯೂಟರಿನ ಮುಂದೆ ಕುಳಿತವರು ಆಕಾಶದಲ್ಲಿ ಕೆಲವೇ ಸೆಕೆಂಡು ಹೊತ್ತಿ ಆರಿಹೋದ, ಮತ್ತೆಂದೂ ಅದೇ ಜಾಗದಲ್ಲಿ ಹೊತ್ತದ ಒಂದು ಮಿಂಚನ್ನು ಅಂಕಿಗಳ ರಾಶಿಯಲ್ಲಿ ಹುಡುಕುತ್ತಿರುತ್ತಾರೆ. ಆ ಮಿಂಚಿಗೆ ಗಾಮಾ ಕಿರಣ ಸ್ಫೋಟವೆಂದು ಹೆಸರು.

ಹುಡುಕುವವರು ಪುಣೆಯಲ್ಲಿದ್ದರೂ ಅವರ ಕಣ್ಣು ಇಲ್ಲಿಲ್ಲ. ಗಾಮಾ ಕಿರಣಗಳು ಭೂಮಿಯ ವಾಯುಮಂಡಲವನ್ನು ದಾಟಿ ನೆಲ ಮುಟ್ಟಲಾರವು. ನೆಲ ಮುಟ್ಟಿದ್ದರೆ ಜೀವಿಗಳ ಪಾಡು ಬೇರೆಯೇ ಆಗುತ್ತಿತ್ತು. ಆದ್ದರಿಂದ ಅವನ್ನು ನೋಡುವ ಉಪಕರಣ ವಾಯುಮಂಡಲದ ಹೊರಗಿರಬೇಕು. ಭಾರತದ ಅಂಥ ಉಪಕರಣವಿರುವುದು ಆಸ್ಟ್ರೋಸ್ಯಾಟ್ ಎಂಬ ಉಪಗ್ರಹದಲ್ಲಿ. 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟೆಯಿಂದ ಪಿಎಸ್‌ಎಲ್‌ವಿ ರಾಕೆಟ್ಟು ಅದನ್ನು ಹೊತ್ತೊಯ್ದಿತು. ಸುಮಾರು 1500 ಕಿಲೋಗ್ರಾಂ ತೂಕದ ಈ ಉಪಗ್ರಹ 650 ಕಿಲೋಮೀಟರು ಎತ್ತರದಲ್ಲಿ, ಭೂಮಧ್ಯರೇಖೆಗೆ ಕೇವಲ 6 ಡಿಗ್ರಿ ಓರೆಯಾದ ಹಾದಿಯಲ್ಲಿ, ಸುಮಾರು 98 ನಿಮಿಷಕ್ಕೊಮ್ಮೆ ಭೂಮಿಯನ್ನು ಸುತ್ತುತ್ತದೆ. ಅದರ ಮೇಲಿರುವ ಐದು ಉಪಕರಣಗಳಲ್ಲಿ ಒಂದರ ಹೆಸರು ಕ್ಯಾಡ್ಮಿಯಂ ಝಿಂಕ್ ಟೆಲ್ಯುರೈಡ್ ಇಮೇಜರ್. ಅದನ್ನು ಸಂಕ್ಷೇಪವಾಗಿ ಸಿಝಡ್‌ಟಿಐ ಎನ್ನುತ್ತಾರೆ. ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಇಸ್ರೋದ ಕೇಂದ್ರಗಳು, ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯ ಮತ್ತು ಆಯುಕಾ ಸೇರಿ ಇದನ್ನು ಸಿದ್ಧಪಡಿಸಿದವು.

ಕ್ಯಾಡ್ಮಿಯಂ, ಸತು ಮತ್ತು ಟೆಲ್ಯೂರಿಯಂ ಬೆರೆತ ಹರಳಿನ ಒಂದು ಗುಣವನ್ನು ಇಲ್ಲಿ ದುಡಿಸಿಕೊಳ್ಳಲಾಗಿದೆ. ಹೆಚ್ಚಿನ ಶಕ್ತಿಯ ಕಿರಣದ ಕಣವೊಂದು ಹರಳನ್ನು ಹೊಕ್ಕರೆ ಸಣ್ಣದೊಂದು ವಿದ್ಯುತ್ ಮಿಡಿತ ಏಳುತ್ತದೆ. ಆ ಮಿಡಿತದ ಗಾತ್ರದಿಂದ ಕಣದ ಶಕ್ತಿಯನ್ನು ತಿಳಿಯಬಹುದು. ಉಪಕರಣದಲ್ಲಿ ಇಂಥ 64 ಹರಳುಫಲಕಗಳಿವೆ. ಒಂದೊಂದರಲ್ಲಿ 256 ಮನೆಗಳು. ಚದುರಂಗದ ಹಲಗೆಯಂತೆ ಎಂದುಕೊಂಡರೆ ಒಂದು ಮನೆಯ ಅಗಲ ಸುಮಾರು ಎರಡೂವರೆ ಮಿಲಿಮೀಟರು. ಒಟ್ಟು 16,384 ಮನೆಗಳು. ಎಲ್ಲ ಸೇರಿದರೂ ಗಾತ್ರ ಸಾವಿರ ಚದರ ಸೆಂಟಿಮೀಟರು ಮುಟ್ಟುವುದಿಲ್ಲ. ಶಾಲೆಯ ನೋಟುಪುಸ್ತಕವೊಂದನ್ನು ಬಿಡಿಸಿ ಇಟ್ಟರೆ ಹೆಚ್ಚುಕಡಮೆ ಅಷ್ಟು. ಹರಳುಗಳ ಮೇಲೆ ಒಂದಿಷ್ಟು ದೂರದಲ್ಲಿ ಟ್ಯಾಂಟಲಮ್ ಲೋಹದ ತೆಳು ತಗಡು ಇದೆ. ಅದರಲ್ಲಿ ಲೆಕ್ಕವಿಟ್ಟು ಕೊರೆದ ರಂಧ್ರಗಳು. ಹಳೆಯ ವಾಡೆಗಳ ಜಾಲಂದ್ರದಿಂದ ಬಿಸಿಲು ನೆಲಕ್ಕೆ ಬಿದ್ದಾಗ ನೆರಳಿನ ಚಿತ್ತಾರವನ್ನು ನೋಡಿ ಸೂರ್ಯ ಎಲ್ಲಿದ್ದಾನೆಂದು ಹೇಳಬಹುದಲ್ಲವೆ? ಅದೇ ಉಪಾಯ. ಎಕ್ಸ್ ಕಿರಣಗಳ ನೆರಳಿನಿಂದ ಅವು ಬಂದ ದಿಕ್ಕನ್ನು ಗುರುತಿಸುವುದಕ್ಕೆ ಈ ತಗಡು.

ಹಾಗೆ ಈ ಉಪಕರಣ ನೋಡಬೇಕಾಗಿದ್ದುದು ಆಕಾಶದ ಚಿಕ್ಕದೊಂದು ತುಂಡನ್ನು ಮಾತ್ರ: ಸುಮಾರು ನಾಲ್ಕೂವರೆ ಡಿಗ್ರಿ ಅಗಲದ ಕಿಂಡಿ. ಬೇರೆ ಕಡೆಯ ಕಿರಣ ಒಳನುಗ್ಗದಂತೆ ಸುತ್ತ ಗೋಡೆಗಳಿವೆ. ಆದರೆ ಗೋಡೆಗಳಿಗೂ ಒಂದು ಮಿತಿಯುಂಟು. 100 ಕಿಲೋ ಎಲೆಕ್ಟ್ರಾನ್ ವೋಲ್ಟಿಗಿಂತ ಹೆಚ್ಚಿನ ಶಕ್ತಿಯ ಕಣ, ಅಂದರೆ ಕಣ್ಣಿಗೆ ಕಾಣುವ ಬೆಳಕಿನ ಕಣಕ್ಕಿಂತ ಹತ್ತಾರು ಸಾವಿರ ಪಟ್ಟು ಬಲಶಾಲಿಯಾದದ್ದು, ಆ ಗೋಡೆಗಳನ್ನು ಗಾಜಿನಂತೆ ದಾಟಿಬಿಡುತ್ತದೆ. ಕಿಂಡಿಯಿಂದ ನೋಡುವ ಕಣ್ಣಿಗೆ ದೋಷವಾಗಬೇಕಿದ್ದ ಈ ಸಂಗತಿಯೇ ಗಾಮಾ ಕಿರಣ ಸ್ಫೋಟದ ಬೇಟೆಗೆ ವರವಾಯಿತು. ಸ್ಫೋಟ ಯಾವ ದಿಕ್ಕಿನಿಂದ, ಯಾವಾಗ ಬರುವುದೆಂದು ಯಾರೂ ಮೊದಲೇ ಹೇಳಲಾರರು. ಕಿಂಡಿಯ ಮುಂದೆಯೇ ಅದು ಘಟಿಸಲಿ ಎಂದು ಕಾದರೆ ಆಯುಷ್ಯವೇ ಕಳೆದೀತು. ಗೋಡೆಯೇ ಪಾರದರ್ಶಕವಾದರೆ ಭೂಮಿ ಮರೆಮಾಡಿದ ಭಾಗವನ್ನು ಬಿಟ್ಟು ಉಳಿದ ಆಕಾಶವೆಲ್ಲ ಕಣ್ಣಳತೆಗೆ ಬಂದಂತೆ.

ಇದು ಬರಿಯ ಲೆಕ್ಕಾಚಾರವಲ್ಲವೆಂಬುದು ಮೊದಲ ದಿನವೇ ತಿಳಿಯಿತು. 2015ರ ಅಕ್ಟೋಬರ್ 6ರಂದು ಉಪಕರಣ ಕೆಲಸ ಆರಂಭಿಸಿದ ದಿನವೇ ಆಕಾಶದಲ್ಲಿ ಒಂದು ಸ್ಫೋಟ ಸಂಭವಿಸಿತು. ಅಮೆರಿಕದ ಸ್ವಿಫ್ಟ್ ಉಪಗ್ರಹ ಅದನ್ನು ಗುರುತಿಸಿ ಜಗತ್ತಿಗೆ ಸಾರಿತ್ತು. ಸಿಝಡ್‌ಟಿಐ ನೋಡುತ್ತಿದ್ದ ದಿಕ್ಕಿಗೆ ಅದು ಸುಮಾರು 60 ಡಿಗ್ರಿ ಪಕ್ಕದಲ್ಲಿತ್ತು. ಆದರೂ ಅಂಕಿಗಳಲ್ಲಿ ಏರು ಸ್ಪಷ್ಟವಾಗಿ ಮೂಡಿತ್ತು. ಜಿಆರ್‌ಬಿ 151006ಎ ಎಂಬುದು ಅದರ ಹೆಸರು. ಇಂಥ ಹೆಸರುಗಳು ಮೊದಲ ನೋಟಕ್ಕೆ ಒರಟಾಗಿ ಕಂಡರೂ ಓದುವುದು ಸುಲಭ: ವರ್ಷ, ತಿಂಗಳು, ದಿನಾಂಕ, ಕೊನೆಗೆ ಆ ದಿನದ ಸ್ಫೋಟಗಳಲ್ಲಿ ಇದು ಎಷ್ಟನೆಯದೆಂಬ ಅಕ್ಷರ. ಹುಟ್ಟಿದ ದಿನವೇ ಹೆಸರು. ಸತ್ತ ದಿನವೂ ಅದೇ.

ಹೀಗೆ ಸಾಯುವುದಾದರೂ ಏನು? ಎರಡು ಸೆಕೆಂಡಿಗಿಂತ ಹೆಚ್ಚು ಹೊತ್ತು ಉರಿಯುವ ಸ್ಫೋಟಗಳಲ್ಲಿ ಬಹುಪಾಲು, ಸೂರ್ಯನಿಗಿಂತ ಎಷ್ಟೋ ಪಟ್ಟು ಭಾರವಾದ ನಕ್ಷತ್ರದ ಒಡಲು ತನ್ನ ಭಾರಕ್ಕೆ ತಾನೇ ಕುಸಿದಾಗ ಹುಟ್ಟುತ್ತವೆ. ಎರಡು ಸೆಕೆಂಡಿಗಿಂತ ಕಡಿಮೆಯವು ಸಾಮಾನ್ಯವಾಗಿ ಎರಡು ನ್ಯೂಟ್ರಾನ್ ನಕ್ಷತ್ರಗಳು ಡಿಕ್ಕಿಯಾಗಿ ಬೆರೆತಾಗ ಆಗುವಂಥವು. ಎರಡರಲ್ಲೂ ದ್ರವ್ಯದ ಕಿರಿದಾದ ಧಾರೆಯೊಂದು ಬೆಳಕಿನ ವೇಗಕ್ಕೆ ತೀರ ಹತ್ತಿರದ ವೇಗದಲ್ಲಿ ಚಿಮ್ಮುತ್ತದೆ. ಅದು ಭೂಮಿಯ ಕಡೆಗೆ ಮುಖಮಾಡಿದ್ದರೆ ಮಾತ್ರ ಇಲ್ಲಿಯವರಿಗೆ ಮಿಂಚು. ಆ ಕೆಲವು ಸೆಕೆಂಡುಗಳಲ್ಲಿ ಹೊರಬೀಳುವ ಶಕ್ತಿ, ಸೂರ್ಯನು ತನ್ನ ಸುಮಾರು ಸಾವಿರ ಕೋಟಿ ವರ್ಷಗಳ ಬಾಳಿನಲ್ಲೆಲ್ಲ ಸೂಸುವ ಶಕ್ತಿಗೆ ಹೋಲಿಸುವಷ್ಟು.

ಇದನ್ನು ಮೊದಲು ಕಂಡವರು ಹುಡುಕುತ್ತಿದ್ದುದು ಬೇರೆಯದನ್ನು. 1963ರಲ್ಲಿ ಬಾಹ್ಯಾಕಾಶದಲ್ಲಿ ಅಣುಬಾಂಬಿನ ಪರೀಕ್ಷೆ ಕೂಡದೆಂಬ ಒಪ್ಪಂದವಾದ ಮೇಲೆ, ಯಾರಾದರೂ ಕದ್ದು ಸಿಡಿಸುತ್ತಾರೆಯೇ ಎಂದು ಕಾಯಲು ಅಮೆರಿಕ ವೇಲಾ ಎಂಬ ಉಪಗ್ರಹಗಳನ್ನು ಹಾರಿಸಿತು. 1967ರ ಜುಲೈ 2ರಂದು ಅವು ಗಾಮಾ ಕಿರಣದ ಒಂದು ಮಿಂಚನ್ನು ದಾಖಲಿಸಿದವು. ಅದು ಬಾಂಬಿನ ಲಕ್ಷಣದ್ದಾಗಿರಲಿಲ್ಲ. ಅದು ಭೂಮಿಯದೂ ಅಲ್ಲ, ಸೂರ್ಯನದೂ ಅಲ್ಲವೆಂದು ಖಚಿತಪಡಿಸಿಕೊಂಡು, ಅಂಥ 16 ಸ್ಫೋಟಗಳ ವರದಿಯನ್ನು ಪ್ರಕಟಿಸುವಾಗ 1973 ಬಂದಿತ್ತು. ಅವು ಆಕಾಶಗಂಗೆಯೊಳಗಿನವೋ ಹೊರಗಿನವೋ ಎಂಬ ವಾದ ಮತ್ತೂ ಎರಡು ದಶಕ ನಡೆಯಿತು. 1997ರ ಫೆಬ್ರುವರಿ 28ರಂದು ಇಟಲಿ ಮತ್ತು ನೆದರ್‌ಲೆಂಡ್ಸ್ ದೇಶಗಳ ಬೆಪ್ಪೋಸ್ಯಾಕ್ಸ್ ಉಪಗ್ರಹ ಒಂದು ಸ್ಫೋಟದ ಆರುತ್ತಿರುವ ಕೆಂಡವನ್ನು ಎಕ್ಸ್ ಕಿರಣದಲ್ಲಿ ಹಿಡಿಯಿತು. ಅದೇ ವರ್ಷ ಮೇ ತಿಂಗಳ ಇನ್ನೊಂದು ಸ್ಫೋಟದ ದೂರ ಅಳೆದಾಗ ಅದು ನೂರಾರು ಕೋಟಿ ಬೆಳಕಿನ ವರ್ಷಗಳಾಚೆಯದೆಂದು ತಿಳಿಯಿತು. ಈ ಆರುವ ಕೆಂಡಕ್ಕೆ ವಿಜ್ಞಾನಿಗಳು ಕೊಟ್ಟ ಹೆಸರನ್ನು ಕನ್ನಡದಲ್ಲಿ ‘ನಂತರದ ಹೊಳಪು’ ಎನ್ನಬಹುದು. ಮುಂದಿನ ಪ್ರಸಂಗದಲ್ಲಿ ಅದಕ್ಕೇ ಮುಖ್ಯ ಪಾತ್ರ.

ಆದರೆ ಅದಕ್ಕೆ ಮೊದಲು ಉಪಗ್ರಹದ ಅಂಕಿಗಳು ಪುಣೆಗೆ ಬರುವ ದಾರಿಯನ್ನು ನೋಡಬೇಕು. ಆ ದಾರಿ ಕರ್ನಾಟಕದ ಮೂಲಕವೇ ಹಾದುಬರುತ್ತದೆ. ಬೆಂಗಳೂರಿನಿಂದ ಸುಮಾರು 40 ಕಿಲೋಮೀಟರು ದೂರದ ಬ್ಯಾಲಾಳು ಎಂಬ ಹಳ್ಳಿಯ ಬಳಿ ಇಸ್ರೋದ ದೊಡ್ಡ ಆಂಟೆನಾಗಳಿವೆ. ಅವುಗಳಲ್ಲಿ ಅತಿ ದೊಡ್ಡದರ ಅಡ್ಡಳತೆ 32 ಮೀಟರು. ಚಂದ್ರಯಾನದ ಕಾಲದಲ್ಲಿ ಪತ್ರಿಕೆಗಳಲ್ಲಿ ಬಂದ ಹೆಸರು ಇದೇ. ಆಸ್ಟ್ರೋಸ್ಯಾಟ್ ತನ್ನ ಹಾದಿಯಲ್ಲಿ ದಕ್ಷಿಣದ ದಿಗಂತದ ಮೇಲೆ ಹಾಯುವಾಗ ಕೂಡಿಟ್ಟುಕೊಂಡ ಮಾಹಿತಿಯನ್ನು ಇಲ್ಲಿಗೆ ಇಳಿಸುತ್ತದೆ. ಅಲ್ಲಿಂದ ಸಿಝಡ್‌ಟಿಐಯ ಪಾಲು ಗಣೇಶಖಿಂಡಿಗೆ ಬರುತ್ತದೆ. ಸ್ವಿಫ್ಟ್ ಉಪಗ್ರಹ ಸ್ಫೋಟವನ್ನು ಕಂಡ ಕೂಡಲೆ ತಾನೇ ಅತ್ತ ತಿರುಗಿ ನೆಲಕ್ಕೆ ಸುದ್ದಿ ಕಳಿಸುತ್ತದೆ. ಆಸ್ಟ್ರೋಸ್ಯಾಟ್‌ಗೆ ಆ ಅವಸರದ ಏರ್ಪಾಡಿಲ್ಲ. ಇಲ್ಲಿಯ ವರ್ತಮಾನ ಅಂಚೆಯಲ್ಲಿ ಬಂದ ಪತ್ರದಂತೆ, ಗಂಟೆಗಳ ಮೇಲೆ ತಲುಪುತ್ತದೆ. ಆದರೆ ಪತ್ರದಲ್ಲಿ ಒಂದೊಂದು ಕಣದ ಲೆಕ್ಕವೂ ಇರುತ್ತದೆ: ಯಾವ ಮನೆಗೆ ಬಿತ್ತು, ಎಷ್ಟು ಶಕ್ತಿಯದು, ಯಾವ ಕ್ಷಣದಲ್ಲಿ ಎಂಬುದು ಸೆಕೆಂಡಿನ ಲಕ್ಷಭಾಗದ ಮಟ್ಟಿಗೆ.

ಆ ಲೆಕ್ಕದಲ್ಲಿ ಸ್ಫೋಟವನ್ನು ಗುರುತಿಸುವುದು ಜಾತ್ರೆಯ ಗದ್ದಲದಲ್ಲಿ ಒಂದು ಪಟಾಕಿಯ ಸದ್ದನ್ನು ಗುರುತಿಸಿದಂತೆ. ಸ್ಫೋಟವಿಲ್ಲದಾಗಲೂ ಕಣಗಳು ಬೀಳುತ್ತಲೇ ಇರುತ್ತವೆ. ವಿಶ್ವಕಿರಣದ ಒಂದು ಕಣ ಉಪಗ್ರಹದ ಮೈಗೆ ಬಡಿದರೆ ಒಮ್ಮೆಲೆ ಹತ್ತಾರು ಮಿಡಿತಗಳ ಗೊಂಚಲು ಏಳುತ್ತದೆ. ದಕ್ಷಿಣ ಅಟ್ಲಾಂಟಿಕ್ ಸಾಗರದ ಮೇಲೆ ವಿದ್ಯುತ್ಕಣಗಳು ದಟ್ಟವಾಗಿ ಕೆಳಗಿಳಿದಿರುವ ಪ್ರದೇಶವೊಂದಿದೆ. ಅಲ್ಲಿ ಹಾಯುವಾಗ ಉಪಕರಣವನ್ನು ಸುಮ್ಮನಿರಿಸಬೇಕಾಗುತ್ತದೆ. ಆ ಹೊತ್ತಿನಲ್ಲಿ ಸ್ಫೋಟವಾದರೆ ಅದು ಹೋದಂತೆಯೇ. ಇದಕ್ಕೆಲ್ಲ ಒಂದು ಜಾಣ್ಮೆಯ ಪರೀಕ್ಷೆಯುಂಟು. ಉಪಕರಣ ನಾಲ್ಕು ಸ್ವತಂತ್ರ ಭಾಗಗಳಾಗಿದೆ. ಒಂದೇ ಭಾಗದಲ್ಲಿ ಏರು ಕಂಡರೆ ಅದು ಬಹುಶಃ ಯಂತ್ರದ ತೊದಲು. ಬೇರೆ ಭಾಗಗಳಲ್ಲೂ ಅದೇ ಕ್ಷಣಕ್ಕೆ ಏರು ಕಂಡರೆ, ಹರಳುಗಳ ಕೆಳಗಿರುವ ಕಾವಲು ಉಪಕರಣವೂ ಅದಕ್ಕೆ ಸಾಕ್ಷಿ ನುಡಿದರೆ, ಆಗ ಪಟ್ಟಿಗೆ ಒಂದು ಹೆಸರು ಸೇರುತ್ತದೆ. ನಾಲ್ವರು ಪಂಚರು ಒಂದೇ ಮಾತು ಹೇಳಿದಂತೆ. 2023ರ ಕೊನೆಯ ಹೊತ್ತಿಗೆ ಆ ಪಟ್ಟಿ 600 ಮುಟ್ಟಿತ್ತು.

ಸಾಕ್ಷಿಯ ಬೆಲೆ ತಿಳಿದದ್ದು 2017ರ ಜನವರಿಯಲ್ಲಿ. ಆ ತಿಂಗಳ 4ರಂದು, ಭಾರತದ ಗಡಿಯಾರದಲ್ಲಿ ಮಧ್ಯಾಹ್ನ 3 ಗಂಟೆ 42 ನಿಮಿಷದ ಸುಮಾರಿಗೆ, ಅಮೆರಿಕದ ಲೈಗೋ ವೀಕ್ಷಣಾಲಯಗಳು ಗುರುತ್ವದ ಅಲೆಯೊಂದನ್ನು ದಾಖಲಿಸಿದವು. ಸೂರ್ಯನ ಸುಮಾರು 31 ಪಟ್ಟು ಮತ್ತು 19 ಪಟ್ಟು ಭಾರದ ಎರಡು ಕಪ್ಪು ಕುಳಿಗಳು ಬೆರೆತ ಘಟನೆ ಅದು. ಇಂಥ ಬೆರಕೆಯಿಂದ ಬೆಳಕೇನಾದರೂ ಹೊಮ್ಮುತ್ತದೆಯೇ ಎಂಬುದು ಬಹಳ ದೊಡ್ಡ ಪ್ರಶ್ನೆ; ಹೊಮ್ಮಬಾರದೆಂಬುದೇ ಸಾಮಾನ್ಯ ತಿಳಿವಳಿಕೆ. ಅಲೆ ಬಂದ ದಿಕ್ಕು ಆಕಾಶದಲ್ಲಿ ವಿಶಾಲವಾದ ಪಟ್ಟಿಯಷ್ಟು ಅಸ್ಪಷ್ಟವಾಗಿತ್ತು. ಜಗತ್ತಿನ ದೂರದರ್ಶಕಗಳು ಆ ಪಟ್ಟಿಯನ್ನು ಜಾಲಾಡಿದವು. ಘಟನೆಯಾದ 23 ಗಂಟೆಗಳ ಬಳಿಕ ಹವಾಯಿ ದ್ವೀಪದ ಅಟ್ಲಾಸ್ ದೂರದರ್ಶಕ ಆ ಪಟ್ಟಿಯೊಳಗೇ, ಬೇಗಬೇಗ ಮಂಕಾಗುತ್ತಿದ್ದ ಹೊಸ ಬೆಳಕಿನ ಚುಕ್ಕೆಯೊಂದನ್ನು ಕಂಡಿತು. ದಿನವೂ ಕಾಣುವಂಥ ಚುಕ್ಕೆಯಲ್ಲ ಅದು. ಕಪ್ಪು ಕುಳಿಗಳ ಬೆರಕೆಯ ಬೆಳಕೇ ಇದಾಗಿದ್ದರೆ ಪಠ್ಯಪುಸ್ತಕಗಳನ್ನು ತಿದ್ದಬೇಕಾಗುತ್ತಿತ್ತು.

ಪುಣೆ, ಮುಂಬೈಗಳ ತಂಡ ಸಿಝಡ್‌ಟಿಐಯ ಅಂಕಿಗಳನ್ನು ತೆರೆಯಿತು. ಗುರುತ್ವದ ಅಲೆ ಬಂದ ಕ್ಷಣದಲ್ಲಿ ಆ ಪಟ್ಟಿಯ ಅರ್ಧದಷ್ಟು ಭಾಗ ಉಪಕರಣದ ನೋಟಕ್ಕೆ ಬೀಳುತ್ತಿತ್ತು. ಅಲ್ಲಿ ಯಾವ ಏರೂ ಇರಲಿಲ್ಲ. ಆದರೆ ಮರುದಿನ ಮಧ್ಯಾಹ್ನಕ್ಕೆ ಮುಂಚೆ, ಅಲೆ ಬಂದ ಸುಮಾರು 20 ಗಂಟೆಗಳ ಮೇಲೆ, ಅಂಕಿಗಳಲ್ಲಿ ಸ್ಪಷ್ಟವಾದ ಸ್ಫೋಟವೊಂದಿತ್ತು. ಚೀನಾದ ಬಾಹ್ಯಾಕಾಶ ಪ್ರಯೋಗಾಲಯದಲ್ಲಿದ್ದ ಪೋಲಾರ್ ಎಂಬ ಉಪಕರಣವೂ ಅದನ್ನು ಕಂಡಿತ್ತು. ಸಿಡಿಲಿನ ಸದ್ದು ಒಂದು ಊರಿಗೆ ಮೊದಲು, ಇನ್ನೊಂದಕ್ಕೆ ಆಮೇಲೆ ತಲುಪುವ ವ್ಯತ್ಯಾಸದಿಂದ ಸಿಡಿಲು ಬಿದ್ದ ಕಡೆಯನ್ನು ಊಹಿಸುವಂತೆ, ಬೇರೆ ಬೇರೆ ಉಪಗ್ರಹಗಳಿಗೆ ಮಿಂಚು ತಲುಪಿದ ಹೊತ್ತಿನ ಅಂತರದಿಂದ ದಿಕ್ಕನ್ನು ಲೆಕ್ಕಹಾಕಲಾಯಿತು. ಅದು ಹವಾಯಿಯವರ ಚುಕ್ಕೆಗೆ ಹೊಂದಿತು. ಆ ಚುಕ್ಕೆ ಮಂಕಾಗುತ್ತಿದ್ದ ರೀತಿಯನ್ನು ಹಿಂದಕ್ಕೆ ಎಳೆದು ನೋಡಿದಾಗಲೂ ಉರಿ ಹೊತ್ತಿದ್ದು ಈ ಸ್ಫೋಟದ ಹೊತ್ತಿಗೇ ಎಂದು ಬಂತು. ಅಂದಮೇಲೆ ಚುಕ್ಕೆ ಕಪ್ಪು ಕುಳಿಗಳದಲ್ಲ. ಜಿಆರ್‌ಬಿ 170105ಎ ಎಂಬ ಬೇರೆಯೇ ಸ್ಫೋಟದ ನಂತರದ ಹೊಳಪು ಅದು. ಎರಡೂ ಒಂದೇ ಪಟ್ಟಿಯಲ್ಲಿ ಬಿದ್ದದ್ದು ಕೇವಲ ಆಕಸ್ಮಿಕ. ಹೊಸದೊಂದನ್ನು ಕಂಡೆವೆಂದು ಡಂಗುರ ಹೊಡೆಯುವುದಕ್ಕಿಂತ, ಕಂಡದ್ದು ಅದಲ್ಲವೆಂದು ತೋರಿಸುವುದು ಹೆಚ್ಚು ಕಷ್ಟದ, ಕಡಿಮೆ ಚಪ್ಪಾಳೆಯ ಕೆಲಸ. ಆಸ್ಟ್ರೋಸ್ಯಾಟ್‌ನ ಸ್ಫೋಟದ ಪಟ್ಟಿಯಲ್ಲಿ ಮೆಚ್ಚಬೇಕಾದ ಹೆಸರು ಇದೊಂದೇ ಎಂದು ಕೇಳಿದರೆ ಇದನ್ನೇ ತೋರಿಸಬೇಕು.

ಅದೇ ವರ್ಷದ ಆಗಸ್ಟ್ 17ರಂದು ಎರಡು ನ್ಯೂಟ್ರಾನ್ ನಕ್ಷತ್ರಗಳು ಬೆರೆತು ಗುರುತ್ವದ ಅಲೆ ಮತ್ತು ಗಾಮಾ ಮಿಂಚು ಎರಡೂ ಒಟ್ಟಿಗೆ ಬಂದ ಪ್ರಸಿದ್ಧ ಘಟನೆ ನಡೆಯಿತು. ಆ ಕ್ಷಣದಲ್ಲಿ ಆಸ್ಟ್ರೋಸ್ಯಾಟ್‌ಗೂ ಆ ನಕ್ಷತ್ರಗಳಿಗೂ ನಡುವೆ ಭೂಮಿ ಅಡ್ಡವಿತ್ತು.

ಎಣಿಸುವುದಕ್ಕಿಂತ ಕಠಿನವಾದ ಇನ್ನೊಂದು ಅಳತೆಯೂ ಇಲ್ಲಿ ನಡೆಯುತ್ತದೆ. ಹಗ್ಗದ ಒಂದು ತುದಿಯನ್ನು ಗೂಟಕ್ಕೆ ಕಟ್ಟಿ ಇನ್ನೊಂದು ತುದಿಯನ್ನು ಮೇಲೆ ಕೆಳಗೆ ಆಡಿಸಿದರೆ ಅಲೆ ಲಂಬವಾಗಿ, ಎಡಬಲಕ್ಕೆ ಆಡಿಸಿದರೆ ಅಡ್ಡವಾಗಿ ಸಾಗುತ್ತದೆ. ಬೆಳಕಿನ ಅಲೆಗಳೆಲ್ಲ ಒಂದೇ ದಿಕ್ಕಿಗೆ ಆಡುತ್ತಿದ್ದರೆ ಅದನ್ನು ಧ್ರುವೀಕೃತ ಬೆಳಕು ಎನ್ನುತ್ತಾರೆ. ಸ್ಫೋಟದ ಧಾರೆಯೊಳಗೆ ಕಾಂತಕ್ಷೇತ್ರ ಶಿಸ್ತಾಗಿ ಇದೆಯೋ ಚೆಲ್ಲಾಪಿಲ್ಲಿಯಾಗಿದೆಯೋ ಎಂಬುದನ್ನು ತಿಳಿಯಲು ಇದು ಒಳ್ಳೆಯ ಸುಳಿವು. ಗಾಮಾ ಕಣವೊಂದು ಹರಳಿನ ಒಂದು ಮನೆಗೆ ಬಡಿದು, ಚದುರಿ, ಅದೇ ಕ್ಷಣದಲ್ಲಿ ಪಕ್ಕದ ಮನೆಗೂ ಬಡಿಯುವುದುಂಟು. ಚದುರುವಿಕೆ ಅಲೆ ಆಡುವ ದಿಕ್ಕಿಗೆ ಅಡ್ಡಲಾಗಿ ಹೆಚ್ಚು. ಆದ್ದರಿಂದ ಯಾವ ಕಡೆಯ ನೆರೆಮನೆಗೆ ಹೆಚ್ಚು ಬಿತ್ತೆಂದು ಎಣಿಸಿದರೆ ಧ್ರುವೀಕರಣ ತಿಳಿಯುತ್ತದೆ. ಹೇಳಲು ಇಷ್ಟೇ. ಮಾಡಲು ಹೋದರೆ ಕಣ ಹರಳಿಗೆ ಬರುವ ಮೊದಲೇ ಉಪಗ್ರಹದ ಮೈಗೆ ಬಡಿದು ದಿಕ್ಕು ಕೆಟ್ಟಿರುತ್ತದೆ. ಅದನ್ನು ಸರಿದೂಗಿಸಲು ಇಡೀ ಉಪಗ್ರಹದ ಭಾಗಗಳನ್ನೆಲ್ಲ ಕಂಪ್ಯೂಟರಿನೊಳಗೆ ಮರುಕಟ್ಟಿ, ಕಣಗಳನ್ನು ಅದರ ಮೂಲಕ ಹಾಯಿಸಿ ನೋಡಬೇಕಾಯಿತು.

2016ರ ಆಗಸ್ಟ್ 21ರ ಸ್ಫೋಟದಲ್ಲಿ ಈ ಶ್ರಮ ಫಲ ಕೊಟ್ಟಿತು. ಸ್ಫೋಟ ಏರಿ ಇಳಿಯುವಷ್ಟರಲ್ಲಿ ಅದರ ಧ್ರುವೀಕರಣದ ದಿಕ್ಕು ಎರಡು ಬಾರಿ ಬದಲಾಗಿತ್ತು. ಮೊದಮೊದಲು ಅಳೆದ 11 ಸ್ಫೋಟಗಳಲ್ಲಿ ಹಲವು ಬಹಳ ಧ್ರುವೀಕೃತವಾದಂತೆ ತೋರಿದ್ದವು; ಪೋಲಾರ್ ತಂಡದವರು ತಮ್ಮ ಸ್ಫೋಟಗಳಲ್ಲಿ ಅದು ಕಡಿಮೆಯೆಂದು ಹೇಳಿದರು. ಐದು ವರ್ಷಗಳ ಮಾಹಿತಿಯಿಂದ 20 ಸ್ಫೋಟಗಳನ್ನು ಇನ್ನಷ್ಟು ಬಿಗಿಯಾಗಿ ಅಳೆದಾಗ ಸಿಝಡ್‌ಟಿಐ ತಂಡಕ್ಕೂ ಹೆಚ್ಚಿನವುಗಳಲ್ಲಿ ಒಟ್ಟಾರೆ ಧ್ರುವೀಕರಣ ಕಡಿಮೆಯೆಂದೇ ಕಂಡಿತು. ದಿಕ್ಕು ನಡುವೆ ಬದಲಾದರೆ ಎಲ್ಲ ಕೂಡಿಸಿದಾಗ ಒಂದನ್ನೊಂದು ಅಳಿಸಿಹಾಕುವುದರಿಂದ ಹೀಗಾಗುವುದು ಸಾಧ್ಯ. ಇದನ್ನು ಬಿಡಿಸಿ ನೋಡಲು ಇನ್ನೂ ಹೆಚ್ಚು ಕಣಗಳು ಬೇಕು, ಅಂದರೆ ಇನ್ನೂ ದೊಡ್ಡ ಉಪಕರಣ. ಐದು ವರ್ಷ ಬಾಳಲೆಂದು ಕಟ್ಟಿದ ಆಸ್ಟ್ರೋಸ್ಯಾಟ್ 2025ರಲ್ಲಿ ಹತ್ತು ವರ್ಷ ಪೂರೈಸಿತು. ಅದರ ಬಳಿಕ ಭೂಮಿಯ ಎರಡು ಮಗ್ಗುಲಲ್ಲಿ ಎರಡು ಉಪಗ್ರಹಗಳನ್ನಿಟ್ಟು, ಭೂಮಿ ಅಡ್ಡವಾಗದಂತೆ ಇಡೀ ಆಕಾಶವನ್ನು ಕಾಯುವ ‘ದಕ್ಷ’ ಎಂಬ ಯೋಜನೆಯನ್ನು ಮುಂಬೈಯ ಐಐಟಿ ಮತ್ತಿತರ ಸಂಸ್ಥೆಗಳು ಮುಂದಿಟ್ಟಿವೆ.

ಆಯುಕಾದ ಒಳಗೆ ಮನಬಂದಾಗ ಹೋಗಿ ತಿರುಗಾಡುವಂತಿಲ್ಲ. ಆದರೆ ಫೆಬ್ರುವರಿ 28ರ ರಾಷ್ಟ್ರೀಯ ವಿಜ್ಞಾನ ದಿನದಂದು ಸಾರ್ವಜನಿಕರಿಗೆ ಬಾಗಿಲು ತೆರೆಯುವ ಪದ್ಧತಿಯುಂಟು. ಬೆಪ್ಪೋಸ್ಯಾಕ್ಸ್ ಮೊದಲ ಕೆಂಡವನ್ನು ಕಂಡ ದಿನಾಂಕವೂ ಅದೇ ಎಂಬುದು ಕೇವಲ ಕಾಕತಾಳೀಯ. ಶಾಲಾ ಮಕ್ಕಳಿಗೆಂದೇ ತಿಂಗಳ ಎರಡನೆಯ ಶನಿವಾರ ಉಪನ್ಯಾಸಗಳನ್ನು ನಡೆಸಿಕೊಂಡು ಬಂದಿದ್ದಾರೆ. ಭಾಷೆ ಮರಾಠಿ, ಹಿಂದಿ, ಇಂಗ್ಲಿಷ್. ಗಡಿಯ ಕನ್ನಡ ಶಾಲೆಗಳ ಮಕ್ಕಳಿಗೆ ಮರಾಠಿ ಹೊಸದಲ್ಲವಾದ್ದರಿಂದ ಅದು ತೊಡಕಾಗದು. ಆವರಣದಲ್ಲೇ ಮಕ್ಕಳು ಕೈಯಾರೆ ಪ್ರಯೋಗ ಮಾಡುವ ‘ಮುಕ್ತಾಂಗಣ’ ಎಂಬ ವಿಜ್ಞಾನ ಕೇಂದ್ರವೂ ಇದೆ. ಶಾಲೆಯಿಂದ ತಂಡವಾಗಿ ಹೋಗುವವರು ಮೊದಲೇ ಪತ್ರ ಬರೆದು ಒಪ್ಪಿಗೆ ಪಡೆದು ಹೋಗುವುದು ಒಳ್ಳೆಯದು.